ಹಳೆಯ ಆಕ್ಷನ್ ಫಿಗರ್‌ಗಳು: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಆಗಾಗ ಫೋಟೋ ಬರುತ್ತಿರುತ್ತವೆ. ಅಟ್ಟ ಗುಡಿಸುವಾಗ, ಹಳೇ ಮನೆ ಕೆಡವುವಾಗ ಅಥವಾ ಅಣ್ಣತಮ್ಮಂದಿರು ಪಾಲಾಗುವಾಗ ಟ್ರಂಕಿನ ತಳದಲ್ಲಿ ಸಿಕ್ಕ ಒಂದು ಪ್ಲಾಸ್ಟಿಕ್ ಸೈನಿಕ, ಇಲ್ಲವೇ ಚಡ್ಡಿ ಹಾಕಿದ ಒಬ್ಬ ಪೈಲ್ವಾನ. ಜೊತೆಗೆ ಬರುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಸೇರಿಸಿ ಉತ್ತರಿಸಿದ್ದೇನೆ.

ಆಕ್ಷನ್ ಫಿಗರ್ ಎಂದು ಯಾವುದನ್ನು ಕರೆಯುತ್ತಾರೆ?

ಕೈ, ಕಾಲು, ಕುತ್ತಿಗೆಗೆ ಕೀಲು ಇದ್ದು, ಬೇಕಾದ ಭಂಗಿಯಲ್ಲಿ ನಿಲ್ಲಿಸಬಹುದಾದ, ಒಂದು ಪಾತ್ರದ ಹೆಸರಿರುವ ಗೊಂಬೆಯನ್ನು. ಅಮೆರಿಕದ ಹ್ಯಾಸ್‌ಬ್ರೋ ಕಂಪನಿ 1964ರಲ್ಲಿ ಜಿ.ಐ. ಜೋ ಎಂಬ 12 ಇಂಚಿನ ಸೈನಿಕನನ್ನು ಮಾರುಕಟ್ಟೆಗೆ ತಂದಾಗ, ಗೊಂಬೆ ಎಂದರೆ ಗಂಡುಮಕ್ಕಳಿಗೆ ಕೊಡಿಸಲು ಅಪ್ಪಂದಿರು ಹಿಂದೆಮುಂದೆ ನೋಡುತ್ತಾರೆಂದು ಅದನ್ನು 'ಆಕ್ಷನ್ ಫಿಗರ್' ಎಂದು ಕರೆಯಿತು. ಒಂದೇ ಅಚ್ಚಿನಲ್ಲಿ ನಿಂತ ಹಸಿರು ಸೈನಿಕರು, ಪ್ಯಾಕೆಟ್ಟಿಗೆ ಇಷ್ಟು ಎಂದು ಸಿಗುತ್ತಿದ್ದರಲ್ಲ, ಅವರು ಈ ಲೆಕ್ಕಕ್ಕೆ ಬರುವುದಿಲ್ಲ.

ಸ್ಟಾರ್ ವಾರ್ಸ್, ಹೀ-ಮ್ಯಾನ್, ಜಿ.ಐ. ಜೋ: ಮೂರರಲ್ಲಿ ಯಾವುದು ಮೇಲು?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಆಟಕ್ಕೆ ಜಿ.ಐ. ಜೋ, ಕಣ್ಣಿಗೆ ಹೀ-ಮ್ಯಾನ್, ಚರಿತ್ರೆಗೆ ಸ್ಟಾರ್ ವಾರ್ಸ್ ಎಂಬುದು ನನ್ನ ತೀರ್ಮಾನ. ಯಾಕೆಂದು ಹೇಳುತ್ತೇನೆ.

ಸ್ಟಾರ್ ವಾರ್ಸ್ ಗೊಂಬೆಗಳನ್ನು ಮಾಡಿದ್ದು ಅಮೆರಿಕದ ಸಿನ್ಸಿನಾಟಿಯ ಕೆನ್ನರ್ ಕಂಪನಿ. 1977ರಲ್ಲಿ ಸಿನಿಮಾ ಆ ಪಾಟಿ ಓಡುತ್ತದೆಂದು ಯಾರೂ ಎಣಿಸಿರಲಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಗೊಂಬೆಗಳೇ ತಯಾರಿರಲಿಲ್ಲ. ಕೆನ್ನರ್‌ನವರು ಖಾಲಿ ಪೊಟ್ಟಣದೊಳಗೆ ಒಂದು ಚೀಟಿ ಇಟ್ಟು ಮಾರಿದರು. ಚೀಟಿ ತುಂಬಿ ಅಂಚೆಗೆ ಹಾಕಿದ ಮಕ್ಕಳಿಗೆ 1978ರಲ್ಲಿ ಗೊಂಬೆ ಮನೆಗೆ ಬಂತು. ಅವುಗಳ ಎತ್ತರ 3.75 ಇಂಚು. ದೊಡ್ಡ ಗೊಂಬೆಗೆ ತಕ್ಕ ಆಕಾಶನೌಕೆ ಮಾಡಹೊರಟರೆ ಅದು ಮಂಚದಷ್ಟಾದೀತು, ಅಂಗಡಿಯಲ್ಲಿ ಇಡಲು ಜಾಗವೂ ಸಾಲದು, ಕೊಳ್ಳಲು ದುಡ್ಡೂ ಸಾಲದು. ಗೊಂಬೆ ಚಿಕ್ಕದಾದಾಗ ನೌಕೆಯನ್ನೂ ಮಾರಲು ಸಾಧ್ಯವಾಯಿತು. ಮುಂದೆ ಬಂದವರು ಹಲವರು ಇದೇ ಅಳತೆ ಹಿಡಿದರು. ಆದರೆ ಕೀಲು ಐದೇ: ಕುತ್ತಿಗೆ, ಎರಡು ಭುಜ, ಎರಡು ತೊಡೆ. ಮೊಣಕಾಲು ಮಡಚದು, ಹಾಗಾಗಿ ಕೂತಾಗ ಕಾಲು ಕೋಲಿನಂತೆ ಮುಂದಕ್ಕೆ ಚಾಚುತ್ತದೆ.

ಹೀ-ಮ್ಯಾನ್ 1982ರದ್ದು. ಸ್ಟಾರ್ ವಾರ್ಸ್ ಗೊಂಬೆ ಮಾಡುವ ಅವಕಾಶವನ್ನು ಬೇಡವೆಂದಿದ್ದ ಮ್ಯಾಟೆಲ್ ಕಂಪನಿ, ಆಮೇಲೆ ತನ್ನದೇ ಲೋಕವನ್ನು ಕಟ್ಟಿತು. ಸುಮಾರು 5.5 ಇಂಚು ಎತ್ತರ, ಉಬ್ಬಿದ ತೋಳು, ಬಗ್ಗಿದ ಮಂಡಿ. ಸೊಂಟವನ್ನು ಒಂದು ಪಕ್ಕಕ್ಕೆ ತಿರುಚಿ ಬಿಟ್ಟರೆ ಒಳಗಿನ ಸ್ಪ್ರಿಂಗ್ ಎಳೆದು ಗೊಂಬೆ ತಾನೇ ಗುದ್ದು ಬೀಸುತ್ತಿತ್ತು. ಹತ್ತಾರು ಪಾತ್ರಗಳಿಗೆ ಅದೇ ಮೈ, ತಲೆ ಮತ್ತು ಕವಚ ಮಾತ್ರ ಬೇರೆ. ಹೀ-ಮ್ಯಾನ್ ಏರುವ ಹಸಿರು ಹುಲಿಯ ಅಚ್ಚು ಕೂಡ ಮ್ಯಾಟೆಲ್‌ನ ಬಿಗ್ ಜಿಮ್ ಎಂಬ, ಇನ್ನೂ ದೊಡ್ಡ ಗೊಂಬೆಗಳ ಹಳೆಯ ಸರಣಿಯದ್ದು. ಸವಾರನ ಮುಂದೆ ಹುಲಿ ಅಷ್ಟು ಭರ್ಜರಿಯಾಗಿ ಕಾಣಲು ಇದೇ ಕಾರಣ. ಖರ್ಚು ಉಳಿಸಲು ಮಾಡಿದ್ದೇ ಚೆಲುವಾಗಿ ಕೂತಿತು ಎನ್ನಬೇಕು. ಪೊಟ್ಟಣದೊಳಗೆ ಪುಟ್ಟದೊಂದು ಚಿತ್ರಕಥೆ ಪುಸ್ತಕವೂ ಇರುತ್ತಿತ್ತು.

ಅದೇ 1982ರಲ್ಲಿ ಹ್ಯಾಸ್‌ಬ್ರೋ ತನ್ನ 12 ಇಂಚಿನ ಸೈನಿಕನನ್ನು 3.75 ಇಂಚಿಗೆ ಇಳಿಸಿ ಒಬ್ಬನ ಬದಲು ಒಂದು ಪಡೆಯನ್ನೇ ಹುಟ್ಟಿಸಿತು. ಮೊಣಕೈ, ಮಂಡಿ ಮಡಚುತ್ತವೆ, ಸೊಂಟ ತಿರುಗುತ್ತದೆ. 1983ರಿಂದ ತೋಳು ಅಡ್ಡಕ್ಕೂ ತಿರುಗತೊಡಗಿ ಬಂದೂಕನ್ನು ಎರಡೂ ಕೈಯಲ್ಲಿ ಹಿಡಿಸಲು ಬಂತು. 1985ರಿಂದ ಕುತ್ತಿಗೆ ಮೇಲಕ್ಕೂ ಕೆಳಕ್ಕೂ ಆಡಿತು. ಅಂಗೈಯಷ್ಟಗಲದ ಗೊಂಬೆಯೊಂದು ಮಂಡಿಯೂರಿ ಗುರಿ ಹಿಡಿಯುತ್ತದೆ ಎಂದರೆ ಹುಡುಗರಿಗೆ ಇನ್ನೇನು ಬೇಕು? ಗೊಂಬೆಯನ್ನು ಅಂಟಿಸಿ ಮಾರುತ್ತಿದ್ದ ರಟ್ಟಿನ ಹಿಂಬದಿಯಲ್ಲಿ ಪ್ರತಿಯೊಬ್ಬನ ನಿಜ ಹೆಸರು, ಹುಟ್ಟೂರು, ಪರಿಣತಿ, ಸ್ವಭಾವ ಎಲ್ಲ ಬರೆದ ಕಾರ್ಡ್. ಅವುಗಳಲ್ಲಿ ಹೆಚ್ಚಿನವನ್ನು ಬರೆದದ್ದು ಜಿ.ಐ. ಜೋ ಕಾಮಿಕ್ಸ್ ಬರೆಯುತ್ತಿದ್ದ ಲ್ಯಾರಿ ಹಾಮಾ. ಸರಣಿಯ ಅತಿ ಜನಪ್ರಿಯ ಪಾತ್ರವಾದ ಸ್ನೇಕ್ ಐಸ್ ಅಡಿಯಿಂದ ಮುಡಿಯವರೆಗೆ ಕಪ್ಪು. 1982ರ ಮೊದಲ ತಂಡದಲ್ಲಿ ಬಣ್ಣದ ಖರ್ಚು ಉಳಿಸಲು ಅವನಿಗೆ ಬಣ್ಣವನ್ನೇ ಹಚ್ಚಿರಲಿಲ್ಲ. ಮುಖವಿಲ್ಲ, ಮಾತಿಲ್ಲ. ಆ ಕೊರತೆಯಿಂದಲೇ ಅವನ ಸುತ್ತ ಅಷ್ಟೊಂದು ಕಥೆ ಹುಟ್ಟಿತು.

ನಮ್ಮ ಕಡೆ ಇವು ಬಂದದ್ದು ಹೇಗೆ?

ಸ್ಟಾರ್ ವಾರ್ಸ್ ಗೊಂಬೆ ಮಲೆನಾಡಿಗೆ ಬಂದಿದ್ದರೆ ಅದು ವಿದೇಶದಲ್ಲಿದ್ದ ಮಾವನ ಸೂಟ್‌ಕೇಸಿನಲ್ಲೇ. ಆಗ ಆಮದಿಗೆ ಬಿಗಿ ಇತ್ತು. ಆಟಿಕೆಯಂಥ ಗೃಹಬಳಕೆಯ ವಸ್ತುಗಳ ಮೇಲಿನ ಪರಿಮಾಣ ನಿರ್ಬಂಧ ಪೂರಾ ತೆರವಾದದ್ದು 2001ರಲ್ಲಿ. ಹೀ-ಮ್ಯಾನ್ ಮಾತ್ರ ಲಿಯೋ-ಮ್ಯಾಟೆಲ್ ಹೆಸರಿನಲ್ಲಿ ಇಲ್ಲೇ ತಯಾರಾಗಿ ಪಟ್ಟಣಗಳ ಅಂಗಡಿ ಸೇರಿತು.

ನಮಗೆ ನಿಜವಾಗಿ ದಕ್ಕಿದ್ದು ಜಿ.ಐ. ಜೋ. ಟೈರಿಗೆ ಹೆಸರಾದ ಚೆನ್ನೈನ ಎಂಆರ್‌ಎಫ್ ಬಳಗ ಹ್ಯಾಸ್‌ಬ್ರೋ ಜೊತೆ ಕೈಜೋಡಿಸಿ 1987ರಲ್ಲಿ ಫನ್‌ಸ್ಕೂಲ್ ಕಂಪನಿ ಶುರುಮಾಡಿತು. ಹ್ಯಾಸ್‌ಬ್ರೋದ ಹಳೆಯ ಅಚ್ಚುಗಳನ್ನು ಬಳಸಿ ಇಲ್ಲಿಯೇ ಗೊಂಬೆ ಎರಕ ಹೊಯ್ದರು. ಅಮೆರಿಕದಲ್ಲಿ ಈ ಅಳತೆಯ ಸರಣಿ 1994ರಲ್ಲಿ ನಿಂತ ಮೇಲೂ ಇಲ್ಲಿ ತಯಾರಿ ನಡೆದೇ ಇತ್ತು. ಬಣ್ಣಗಳು ಅಮೆರಿಕದವಕ್ಕಿಂತ ಎಷ್ಟೋ ಸಲ ಬೇರೆ: ಅಲ್ಲಿ ಹಸಿರು ಅಂಗಿ ತೊಟ್ಟವನು ಇಲ್ಲಿ ಹಳದಿಯಲ್ಲಿ ಬಂದರೆ ಆಶ್ಚರ್ಯವಿಲ್ಲ. ಇದೇ ಕಾರಣಕ್ಕೆ ಅಮೆರಿಕದ ಸಂಗ್ರಾಹಕರೇ ಭಾರತದ ಗೊಂಬೆಗಳನ್ನು ಹುಡುಕಿ ತರಿಸಿಕೊಳ್ಳುತ್ತಿದ್ದರು. ಶಿವಮೊಗ್ಗದ ಗಾಂಧಿ ಬಜಾರ್, ನೆಹರೂ ರಸ್ತೆಯಲ್ಲಿ ಅಪ್ಪನ ಕೈ ಜಗ್ಗಿ ಗಾಜಿನ ಹಿಂದೆ ತೋರಿಸಿದ್ದ ರಟ್ಟು ಬಹುಮಟ್ಟಿಗೆ ಫನ್‌ಸ್ಕೂಲ್‌ನದೇ.

ಕಾರ್ಟೂನನ್ನೇ ನೋಡಿರಲಿಲ್ಲ, ಕಾಮಿಕ್ಸ್ ಓದಿರಲಿಲ್ಲ. ಆದರೂ ಈ ಗೊಂಬೆ ಕಂಡರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಯಾಕೆ?

ಈ ಪ್ರಶ್ನೆಗೆ ಉತ್ತರ ಹೇಳಲಿಕ್ಕೆಂದೇ ಉಳಿದದ್ದನ್ನೆಲ್ಲ ಬರೆದೆ ಎಂದರೂ ಸರಿ.

ಅಮೆರಿಕದ ಮಕ್ಕಳಿಗೆ ಗೊಂಬೆಯ ಜೊತೆ ಕಥೆಯೂ ಸಿದ್ಧವಾಗಿ ಬರುತ್ತಿತ್ತು. ಹೀ-ಮ್ಯಾನ್ ಕಾರ್ಟೂನ್ 1983ರಲ್ಲಿ ಶುರುವಾಯಿತು. ಮಕ್ಕಳ ಕಾರ್ಯಕ್ರಮದ ಮೇಲಿನ ನಿಯಮಗಳನ್ನು ಅಲ್ಲಿನ ಸರ್ಕಾರ ಆ ವರ್ಷಗಳಲ್ಲಿ ಸಡಿಲಿಸಿದ್ದರಿಂದ ಗೊಂಬೆ ಮಾರಲೆಂದೇ ಕಾರ್ಟೂನ್ ಮಾಡುವುದು ಸಲೀಸಾಯಿತು. ಯಾರು ಒಳ್ಳೆಯವನು, ಯಾರು ಕೆಟ್ಟವನು, ಯಾರ ಹಗೆ ಯಾರ ಮೇಲೆ ಎಲ್ಲ ಟೀವಿಯಲ್ಲೇ ತೀರ್ಮಾನವಾಗಿರುತ್ತಿತ್ತು. ಆ ಮಕ್ಕಳು ಇವತ್ತು ನೆನೆಯುವುದು ಆ ಕಥೆಯನ್ನು, ಆ ಶೀರ್ಷಿಕೆ ಹಾಡನ್ನು.

ನಮ್ಮಲ್ಲಿ ಹಾಗಿರಲಿಲ್ಲ. ಅಡಿಕೆ ಮರದ ತುದಿಗೋ ಬಿದಿರಿನ ಗಳಕ್ಕೋ ಆಂಟೆನಾ ಕಟ್ಟಿ, ಒಬ್ಬ ಮೇಲೆ ಅದನ್ನು ತಿರುಗಿಸುತ್ತ "ಬಂತಾ?" ಎನ್ನುವುದು, ಒಳಗಿದ್ದವರು "ಇಲ್ಲ, ಇನ್ನೂ ಸ್ವಲ್ಪ" ಎನ್ನುವುದು. ಗುಡ್ಡ ಅಡ್ಡ ಬಂದ ಮನೆಗಳಿಗೆ ದೂರದರ್ಶನವೇ ಸರಿಯಾಗಿ ಸಿಗುತ್ತಿರಲಿಲ್ಲ, ಮಳೆ ಗಾಳಿಗೆ ಕರೆಂಟು ಹೋದರೆ ವಾರವಾದರೂ ಆಯಿತು. ಕಾರ್ಡಿನ ಹಿಂದೆ ಬರೆದಿದ್ದ ಇಂಗ್ಲಿಷನ್ನು ಓದಿ ಅರ್ಥಮಾಡಿಕೊಳ್ಳುವ ವಯಸ್ಸೂ ಅದಲ್ಲ. ಕೈಯಲ್ಲಿದ್ದದ್ದು ಒಬ್ಬನೇ ಸೈನಿಕ, ಹೆಚ್ಚೆಂದರೆ ಇಬ್ಬರು.

ಹಾಗಾಗಿ ಕಥೆಯನ್ನು ನಾವೇ ಕಟ್ಟಬೇಕಾಯಿತು. ಅಡಿಕೆ ಒಣಗಿಸುವ ಅಂಗಳ ಮರುಭೂಮಿಯಾಯಿತು. ಗೊಬ್ಬರಗುಂಡಿ ಶತ್ರುವಿನ ಕೋಟೆ. ತೋಟದ ಕಪ್ಪು, ಅಂದರೆ ನೀರು ಹರಿಯುವ ಕಾಲುವೆ, ಅದರಲ್ಲಿ ಹಾಳೆಯ ದೋಣಿ ಮಾಡಿ ಸೈನಿಕನನ್ನು ತೇಲಿಬಿಟ್ಟರೆ ಕೆಳಗಿನ ತೋಟದಲ್ಲಿ ತಮ್ಮ ಹಿಡಿಯಬೇಕು, ಹಿಡಿಯದಿದ್ದರೆ ಮುಗಿಯಿತು. ರಾತ್ರಿ ಮೇಳದ ಆಟ ನೋಡಿ ಬಂದ ಮರುದಿನ ಅದೇ ಸೈನಿಕ ಅಭಿಮನ್ಯು. ಜಿ.ಐ. ಜೋ ಕಥೆಯ ಶತ್ರುಗಳಾದ ಕೋಬ್ರಾ ಪಡೆಯವನು ಕರ್ಣನಾದದ್ದೂ ಉಂಟು. ಅವನು ಕೆಟ್ಟವನೆಂದು ನಮಗೆ ಯಾರೂ ಹೇಳಿರಲಿಲ್ಲವಲ್ಲ. ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದ ಅತ್ತೆಮಗ ತನ್ನ ಚೀಲದಿಂದ ಇನ್ನೂ ನಾಲ್ಕು ಜನರನ್ನು ತೆಗೆದರೆ ಪಡೆ ದೊಡ್ಡದಾಗುತ್ತಿತ್ತು, ಅವನು ಹೊರಟ ದಿನ ಮತ್ತೆ ಒಬ್ಬನೇ.

ಈಗ ಆ ಗೊಂಬೆ ಕಂಡಾಗ ಎದ್ದುಬರುವುದು ಈ ಕಥೆಗಳು. ಇವು ಯಾವ ಕಂಪನಿಯ ಬಳಿಯೂ ಇಲ್ಲ, ಯಾರೂ ಮರುಬಿಡುಗಡೆ ಮಾಡುವಂತಿಲ್ಲ. ಅದಕ್ಕೇ ಮಲೆನಾಡಿನ ಒಂಟಿ ಸೈನಿಕನೊಬ್ಬ ತುಂಬಿದ ಕಪಾಟಿಗಿಂತ ತೂಕದವನು ಎಂದು ನಾನು ನಂಬುತ್ತೇನೆ.

ಜಾತ್ರೆಯಲ್ಲಿ ಕೊಂಡ ನಕಲಿ ಹೀ-ಮ್ಯಾನ್ ಇದೆ. ಬಿಸಾಡಲೇ?

ದಯವಿಟ್ಟು ಬೇಡ. ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗಳ ಸಾಲಂಗಡಿಗಳಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಕಟ್ಟಿ ತೂಗುಹಾಕುತ್ತಿದ್ದ ಟೊಳ್ಳು ಗೊಂಬೆಗಳೇ ನಮ್ಮಲ್ಲಿ ಬಹಳ ಮಕ್ಕಳ ಮೊದಲ ವೀರರು. ಹೀ-ಮ್ಯಾನ್ ಮೈಗೆ ಬೇರೊಬ್ಬನ ತಲೆ, ಎದೆಯ ಮೇಲೆ ಯಾವುದೋ ಚಿಹ್ನೆ. ಅಸಲಿ ಗೊಂಬೆಯ ಲೆಕ್ಕ ಇಟ್ಟವರಿದ್ದಾರೆ, ಜಾತ್ರೆ ಮಾಲಿನ ಲೆಕ್ಕ ಇಟ್ಟವರಿಲ್ಲ. ತೆಳು ಪ್ಲಾಸ್ಟಿಕ್ಕಾದ್ದರಿಂದ ಉಳಿದವೂ ಕಡಿಮೆ. ಯಾವ ಜಾತ್ರೆ, ಯಾವ ಇಸವಿ, ಯಾರು ಕೊಡಿಸಿದ್ದು ಎಂದು ಚೀಟಿಯಲ್ಲಿ ಬರೆದು ಜೊತೆಗಿಡಿ.

ಬೆನ್ನ ಮೇಲೆ 1980ರ ದಶಕದ ಇಸವಿ ಇದೆ. ಅಷ್ಟು ಹಳೆಯದೇ?

ಇರಲಿಕ್ಕಿಲ್ಲ. ಅಚ್ಚಿನಲ್ಲಿ ಕೊರೆದ ಇಸವಿ ಆ ವಿನ್ಯಾಸದ ಹಕ್ಕಿನದು, ಗೊಂಬೆ ತಯಾರಾದ ವರ್ಷದ್ದಲ್ಲ. 1990ರ ದಶಕದ ಕೊನೆಯಲ್ಲಿ ಇಲ್ಲಿ ತಯಾರಾದ ಗೊಂಬೆಯ ಮೇಲೂ ಹಳೆಯ ಇಸವಿ ಇರುತ್ತದೆ. ರಟ್ಟು ಸಿಕ್ಕರೆ ಅದರ ಮೇಲಿನ ಕಂಪನಿ ಗುರುತು, ಬೆಲೆ ಚೀಟಿ ನೋಡಿ. ಹೀ-ಮ್ಯಾನ್ ಸರಣಿಯಲ್ಲಿ ಬೆನ್ನ ಮೇಲೆ ದೇಶದ ಹೆಸರೂ ಸಿಗುವುದುಂಟು.

ಜಿ.ಐ. ಜೋ ಸೊಂಟ ಕಳಚಿ ಎರಡು ತುಂಡಾಗಿದೆ. ಸರಿಮಾಡಬಹುದೇ?

ಖಂಡಿತ, ಅದೂ ಮನೆಯಲ್ಲೇ. ಈ ಗೊಂಬೆಯ ಮೇಲ್ಮೈ ಮತ್ತು ಕಾಲುಗಳನ್ನು ಹಿಡಿದಿಟ್ಟಿರುವುದು ಒಳಗಿನ ಒಂದು ಕಪ್ಪು ರಬ್ಬರ್ ಬಳೆ, ಓ-ರಿಂಗ್. ಮೂವತ್ತು ವರ್ಷದಲ್ಲಿ ರಬ್ಬರ್ ಒಣಗಿ ತುಂಡಾಗುವುದು ಸಹಜ. ಗೊಂಬೆಯೇ ಮುರಿದಿದೆ ಎಂದು ಎಷ್ಟೋ ಜನ ಎಸೆದುಬಿಟ್ಟಿದ್ದಾರೆ.

ಬೆನ್ನಿನಲ್ಲಿ ಒಂದೇ ಒಂದು ಸ್ಕ್ರೂ ಇರುತ್ತದೆ. ಅದರ ತಲೆಗೆ ಸರಿಹೊಂದುವ ಸಣ್ಣ ಸ್ಕ್ರೂಡ್ರೈವರ್ ಹಾಕಿ, ಒತ್ತಿ ಹಿಡಿದು, ನಿಧಾನ ತಿರುಗಿಸಿ. ನಮ್ಮ ಹವೆಗೆ ತುಕ್ಕು ಹಿಡಿದಿದ್ದರೆ ಜೋರು ಮಾಡಬೇಡಿ, ಒಂದು ಹನಿ ಹೊಲಿಗೆಯಂತ್ರದ ಎಣ್ಣೆ ಬಿಟ್ಟು ರಾತ್ರಿಯಿಡೀ ಇಡಿ. ಸ್ಕ್ರೂ ಬಂದೊಡನೆ ಎದೆ ಮತ್ತು ಬೆನ್ನು ಎರಡು ಚಿಪ್ಪಾಗಿ ಬಿಚ್ಚಿಕೊಳ್ಳುತ್ತವೆ, ತೋಳು, ತಲೆ ಉದುರುತ್ತವೆ. ಬಿಚ್ಚುವ ಮೊದಲೇ ಅಗಲ ತಟ್ಟೆ ಇಟ್ಟುಕೊಳ್ಳಿ. ಕಾಲುಗಳ ನಡುವೆ ಒಂದು ಲೋಹದ ಕೊಕ್ಕೆ ಕಾಣುತ್ತದೆ. ಹೊಸ ಬಳೆಯ ಒಂದು ತುದಿ ಆ ಕೊಕ್ಕೆಗೆ, ಇನ್ನೊಂದು ತುದಿ ಸೊಂಟದ ತುಂಡಿನ ಮೂಲಕ ಮೇಲೆ ಬಂದು ಸ್ಕ್ರೂ ಕೂರುವ ಕಂಬಕ್ಕೆ. ತಲೆ, ತೋಳು ಅವುಗಳ ಜಾಗದಲ್ಲಿಟ್ಟು ಮುಚ್ಚಿ. ಸ್ಕ್ರೂ ಬಿಗಿ ಎನಿಸಿದ ಕೂಡಲೇ ನಿಲ್ಲಿಸಬೇಕು, ಇನ್ನೂ ತಿರುಗಿಸಿದರೆ ಪ್ಲಾಸ್ಟಿಕ್ಕಿನೊಳಗೆ ಸ್ಕ್ರೂ ಕಚ್ಚುವ ಸುತ್ತುಗೆರೆ ಕಿತ್ತು ಮತ್ತೆಂದೂ ಹಿಡಿಯದು.

ಬಳೆ ಎಲ್ಲಿ ಸಿಗುತ್ತದೆ? ಪಂಪ್‌ಸೆಟ್, ಸ್ಪ್ರೇಯರ್ ಬಿಡಿಭಾಗ ಮಾರುವ ಅಂಗಡಿಯಲ್ಲಿ. ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಊರಿನಲ್ಲಿ ಓ-ರಿಂಗ್‌ಗೆ ಬರವೇ? ಹಳೆಯ ತುಂಡು ಒಯ್ದು ಅದೇ ದಪ್ಪ, ಅದೇ ಸುತ್ತಳತೆಯದ್ದು ಕೇಳಿ. ಬಳೆ ದಪ್ಪವಾದರೆ ಸೊಂಟ ತಿರುಗದು, ದೊಡ್ಡದಾದರೆ ಗೊಂಬೆ ನಿಲ್ಲದು.

ಹೆಬ್ಬೆರಳು ಮುರಿದಿದ್ದರೆ ಮಾತ್ರ ಉಪಾಯ ಕಡಿಮೆ. ಈ ಗೊಂಬೆಗಳಲ್ಲಿ ಮೊದಲು ಹೋಗುವುದೇ ಅದು, ದಪ್ಪ ಹಿಡಿಯ ಬಂದೂಕನ್ನು ಒತ್ತಿ ತುರುಕಿದಾಗ.

ನಮ್ಮ ಮಳೆಗಾಲದಲ್ಲಿ ಇವನ್ನು ಕಾಪಾಡುವುದು ಹೇಗೆ?

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಆಷಾಢದಲ್ಲಿ ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು. ಪ್ಲಾಸ್ಟಿಕ್ ತಡೆದುಕೊಂಡೀತು, ರಟ್ಟು ತಡೆಯುವುದಿಲ್ಲ. ಸಂಗ್ರಹದ ಪುಸ್ತಕಗಳು ಹೇಳುವ ಎಷ್ಟೋ ಕ್ರಮಗಳು ಒಣ ಹವೆಯವರಿಗೆ ಬರೆದವು.

ಗೊಂಬೆಯನ್ನು ಉಗುರುಬೆಚ್ಚಗಿನ ನೀರು, ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ, ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ಸ್ಟಿಕರ್ ಇದ್ದ ಜಾಗ ಬಿಡಿ. ನೀರು ಒಳಹೊಕ್ಕರೆ ಸ್ಪ್ರಿಂಗ್, ಸ್ಕ್ರೂ ತುಕ್ಕು ಹಿಡಿಯುತ್ತವೆ, ಆದ್ದರಿಂದ ಬಿಚ್ಚಲು ಬರುವಂಥದ್ದನ್ನು ಬಿಚ್ಚಿಯೇ ತೊಳೆಯುವುದು ಒಳ್ಳೆಯದು. ನೆರಳಿನಲ್ಲಿ, ಫ್ಯಾನಿನಡಿ ಒಣಗಿಸಿ. ಬೇಗ ಒಣಗಲೆಂದು ಬಚ್ಚಲೊಲೆಯ ಮೇಲಿಟ್ಟರೆ ಕೈಕಾಲು ಸೊಟ್ಟಗಾಗುತ್ತವೆ.

ಇಡುವುದಕ್ಕೆ ರಬ್ಬರ್ ಅಂಚಿನ ಬಿಗಿ ಮುಚ್ಚಳದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಮಳೆ ಶುರುವಾಗುವ ಮುಂಚೆ, ಮೇ ತಿಂಗಳ ಒಣ ದಿನವೊಂದರಲ್ಲಿ ಮುಚ್ಚಿಡಿ. ಜುಲೈನಲ್ಲಿ ಮುಚ್ಚಿದರೆ ತೇವವನ್ನೂ ಜೊತೆಗೇ ಮುಚ್ಚಿದಂತೆ. ಅಡುಗೆಮನೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ನಿಜ, ಆದರೆ ಹೊಗೆಯ ಜಿಡ್ಡು ಬಣ್ಣಕ್ಕೆ ಅಂಟಿದರೆ ಬಿಡದು. ಬಟ್ಟೆ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಇಡಲೇಬೇಡಿ: ನ್ಯಾಫ್ತಲೀನ್ ಆವಿಗೆ ಕೆಲವು ಬಗೆಯ ಪ್ಲಾಸ್ಟಿಕ್ ಮೆತ್ತಗಾಗಿ ಮೈ ಕೆಡುತ್ತದೆ. ಬ್ಯಾಟರಿ ಇರುವ ವಾಹನವಾದರೆ ಮೊದಲ ಕೆಲಸ ಬ್ಯಾಟರಿ ತೆಗೆಯುವುದು.

ಬಿಳಿ ಭಾಗ ಹಳದಿಯಾಗಿದೆ, ಇನ್ನೊಂದು ಗೊಂಬೆ ಅಂಟಂಟಾಗಿದೆ.

ಎರಡೂ ಬೇರೆ ಬೇರೆ ಕಾಯಿಲೆ. ಹಳದಿಗೆ ಬಿಸಿಲಿನ ನೇರಳಾತೀತ ಕಿರಣ ಮತ್ತು ಪ್ಲಾಸ್ಟಿಕ್ಕಿನಲ್ಲೇ ಸೇರಿಸಿದ್ದ ರಾಸಾಯನಿಕಗಳು ಕಾರಣ. ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಬಿಳಿ ಮಾಡುವ ಪದ್ಧತಿ ಇದೆ, ಆದರೆ ಬಣ್ಣ ಹಚ್ಚಿದ ಗೊಂಬೆಗೆ ನಾನು ಬೇಡವೆನ್ನುತ್ತೇನೆ. ಅಂಟಾಗುವುದು ಮೆತ್ತನೆಯ ಪಿವಿಸಿ. ಅದನ್ನು ಮೆದುವಾಗಿಡಲು ಬೆರೆಸಿದ ಎಣ್ಣೆಯಂಥ ಪದಾರ್ಥ ಹೊರಗೆ ಒಸರುತ್ತಿದೆ. ಸೋಪುನೀರಿನಲ್ಲಿ ತೊಳೆದರೆ ಕೆಲಕಾಲ ಹೋಗುತ್ತದೆ, ಮತ್ತೆ ಬರುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನ ಗೊಂಬೆಗೆ ತಾಗದಂತೆ ಬೇರೆ ಇಡಿ.

ಟ್ರಾನ್ಸ್‌ಫಾರ್ಮರ್ಸ್, ನಿಂಜಾ ಟರ್ಟಲ್ಸ್ ಬಗ್ಗೆ?

ಮಡಚಿದರೆ ವಾಹನವಾಗುವ ರೋಬೋಗಳಾದ ಟ್ರಾನ್ಸ್‌ಫಾರ್ಮರ್ಸ್ 1984ರದ್ದು, ಜಪಾನಿನ ತಕಾರಾ ಕಂಪನಿಯ ಆಟಿಕೆಗಳಿಗೆ ಹ್ಯಾಸ್‌ಬ್ರೋ ಹೊಸ ಹೆಸರು, ಹೊಸ ಕಥೆ ಕೊಟ್ಟದ್ದು. ಯಂತ್ರಚಾತುರ್ಯಕ್ಕೆ ಸಾಟಿಯಿಲ್ಲ. ಹಳೆಯದು ಕೈಗೆ ಸಿಕ್ಕರೆ ಒಂದೇ ಎಚ್ಚರಿಕೆ: ಚಿನ್ನದ ಹೊಳಪಿನ ಪ್ಲಾಸ್ಟಿಕ್ ಇದ್ದರೆ ಮಡಚಲು ಹೋಗಬೇಡಿ, ವರ್ಷ ಕಳೆದಂತೆ ಅದು ಹಪ್ಪಳದ ಹಾಗೆ ಪುಡಿಯಾಗುತ್ತದೆ. ಟರ್ಟಲ್ಸ್ 1988ರಲ್ಲಿ ಪ್ಲೇಮೇಟ್ಸ್ ಕಂಪನಿ ತಂದದ್ದು; ಗಟ್ಟಿಮುಟ್ಟು, ಮುಖದಲ್ಲಿ ಜೀವಕಳೆ.

ಮಾರಿದರೆ ಎಷ್ಟು ಬರಬಹುದು?

ರಟ್ಟು ಬಿಚ್ಚಿರದಿದ್ದರೆ ಒಂದು ಬೆಲೆ. ಬಿಚ್ಚಿದ್ದರೂ ಬಂದೂಕು, ಚೀಲ, ಶಿರಸ್ತ್ರಾಣ ಎಲ್ಲ ಇದ್ದರೆ ಇನ್ನೊಂದು. ಬರೀ ಗೊಂಬೆಗೆ ಬರುವುದು ಅಲ್ಪವೇ. ಪತ್ರಿಕೆಯಲ್ಲಿ ಓದುವ ಭಾರೀ ಮೊತ್ತಗಳನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. 2024ರಲ್ಲಿ ಅಮೆರಿಕದ ಹರಾಜಿನಲ್ಲಿ 5 ಲಕ್ಷ ಡಾಲರಿಗೂ ಮಿಕ್ಕಿ ಹೋದ, ಸ್ಟಾರ್ ವಾರ್ಸ್‌ನ ಬೋಬಾ ಫೆಟ್ ಎಂಬ ಪಾತ್ರದ ಗೊಂಬೆ ಅಂಗಡಿಗೆ ಬಂದ ಗೊಂಬೆಯೇ ಅಲ್ಲ. ಬೆನ್ನಿನಿಂದ ರಾಕೆಟ್ ಹಾರಿಸುವ ಆ ಮಾದರಿಯನ್ನು, ಚಿಕ್ಕ ರಾಕೆಟ್ ಮಕ್ಕಳ ಗಂಟಲಿಗೆ ಸಿಕ್ಕೀತೆಂದು ಕೆನ್ನರ್ ಕೈಬಿಟ್ಟಿತ್ತು. ಉಳಿದದ್ದು ಕೆಲವೇ ಮಾದರಿಗಳು.

ಕೊಳ್ಳುವವರಿಗೆ ಒಂದು ಮಾತು. ಹೊರಗಿನಿಂದ ತರಿಸುವ ಮೊದಲು ಸುಂಕ ವಿಚಾರಿಸಿ. ಆಟಿಕೆಗಳ ಮೇಲಿನ ಮೂಲ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತ್ತು. ಅದಕ್ಕಿಂತ ಊರಿನ ಗುಜರಿ ಅಂಗಡಿ, ಹಳೇ ಫ್ಯಾನ್ಸಿ ಸ್ಟೋರಿನ ಗೋದಾಮು, ನೆಂಟರ ಅಟ್ಟ ಇವೇ ಲೇಸು. ನೆಂಟರಲ್ಲಿ ಕೇಳುವಾಗ ಅದು ಏನೆಂದು ಸರಿಯಾಗಿ ಹೇಳಿಯೇ ಕೇಳಿ. ಗೊತ್ತಿಲ್ಲದವರಿಂದ ಚಿಲ್ಲರೆಗೆ ಎತ್ತಿಕೊಂಡು ಬರುವುದು ನನಗೆ ಒಪ್ಪಿಗೆಯಿಲ್ಲ.

ದಸರಾ ಗೊಂಬೆಗಳ ಜೊತೆ ಕೂರಿಸಬಹುದೇ? ಅಮ್ಮ ಬೇಡ ಅನ್ನುತ್ತಾರೆ.

ಪಟ್ಟದ ಗೊಂಬೆ, ದೇವರ ಗೊಂಬೆಗಳ ಮೆಟ್ಟಿಲು ಅಮ್ಮನದು, ಅಲ್ಲಿ ಅವರ ಮಾತೇ ನಡೆಯಲಿ. ಕೆಳಗೆ ನೆಲದಲ್ಲಿ ಮಕ್ಕಳು ಮಾಡುವ ಕಾಡು, ಊರು, ಸಂತೆ ಇರುತ್ತದಲ್ಲ, ಅಲ್ಲಿ ಸೈನಿಕನಿಗೆ ಕಾವಲು ಕೆಲಸ ಕೊಡಿ. ಚನ್ನಪಟ್ಟಣದ ಮರದ ಗೊಂಬೆಯ ಪಕ್ಕ ಅವನು ಚೆನ್ನಾಗಿಯೇ ಕಾಣುತ್ತಾನೆ. ಕೀಲುಗೊಂಬೆ ನಮಗೆ ಹೊಸದೂ ಅಲ್ಲ: ಘಟ್ಟದ ಕೆಳಗೆ ಉಪ್ಪಿನಕುದ್ರುವಿನಲ್ಲಿ ಯಕ್ಷಗಾನದ ಸೂತ್ರದ ಗೊಂಬೆಗಳು ತಲೆಮಾರುಗಳಿಂದ ಯುದ್ಧ ಮಾಡುತ್ತ ಬಂದಿವೆ.

ನನ್ನ ಹಳೆಯ ಗೊಂಬೆಗಳನ್ನು ಮಗಳಿಗೆ ಆಡಲು ಕೊಡಲೇ, ಗಾಜಿನ ಕಪಾಟಿನಲ್ಲಿಡಲೇ?

ಕೊಡಿ, ಆದರೆ ವಯಸ್ಸು ನೋಡಿ. ಬಂದೂಕು, ಕತ್ತಿಗಳು ಬೆರಳುಗುರಿನಷ್ಟು ಚಿಕ್ಕವು, ಪುಟ್ಟ ಮಕ್ಕಳು ಬಾಯಿಗೆ ಹಾಕಿಕೊಂಡಾರು. ಹಳೆಯ ಪ್ಲಾಸ್ಟಿಕ್ ಮತ್ತು ಬಣ್ಣದಲ್ಲಿ ಸೀಸ, ಕ್ಯಾಡ್ಮಿಯಂನಂಥವು ಇರುವ ಸಾಧ್ಯತೆಯೂ ಉಂಟು; ಆಟಿಕೆಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಕಡ್ಡಾಯವಾದದ್ದು 2021ರಲ್ಲಷ್ಟೇ. ಬಣ್ಣ ಸುಲಿಯುತ್ತಿರುವುದನ್ನು, ಜಾತ್ರೆಯ ತೆಳು ಗೊಂಬೆಯನ್ನು ಕಪಾಟಿನಲ್ಲೇ ಇಡಿ. ಶಾಲೆಗೆ ಹೋಗುವ ವಯಸ್ಸಿನವಳಾದರೆ, ಆಡಿದ ಮೇಲೆ ಕೈ ತೊಳೆಯುವ ಅಭ್ಯಾಸ ಮಾಡಿಸಿ, ಹೊಸ ಓ-ರಿಂಗ್ ಹಾಕಿ, ಬಂದೂಕನ್ನು ಹೆಬ್ಬೆರಳಿನ ಕಡೆಯಿಂದ ತುರುಕದೆ ಹೇಗೆ ಕೂರಿಸಬೇಕೆಂದು ಒಮ್ಮೆ ತೋರಿಸಿ ಕೊಟ್ಟುಬಿಡಿ. ಅವನ ಹೆಸರು, ಅವನು ಯಾವ ಪಡೆಯವನು ಎಂಬುದನ್ನು ಮಾತ್ರ ಅವಳಾಗಿ ಕೇಳುವವರೆಗೆ ಹೇಳಬೇಡಿ.